ಎಟಿವಿ ರಿಮ್ಮಿಗೆ ಕಚ್ಚಿಕೊಂಡ ಟೈರು: ಮನೆಯಲ್ಲೇ ಬಿಡಿಸುವುದು ಹೇಗೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಕಾಫಿ ತೋಟ. ಗೊಬ್ಬರ, ಔಷಧಿ ಡ್ರಮ್ಮು, ಕಳೆ ಕೊಚ್ಚುವ ಯಂತ್ರ ಸಾಗಿಸಲು ಒಂದು ಸೆಕೆಂಡ್ ಹ್ಯಾಂಡ್ ಎಟಿವಿ (ದಪ್ಪ ಟೈರಿನ, ನಾಲ್ಕು ಚಕ್ರದ ಬೈಕಿನಂಥ ಗಾಡಿ) ಇಟ್ಟುಕೊಂಡಿದ್ದೇವೆ. ಹಿಂದಿನ ಎರಡು ಟೈರುಗಳು (25×10-12) ಬಿರುಕು ಬಿಟ್ಟಿದ್ದರಿಂದ ಹೊಸದು ತರಿಸಿದೆವು. ಆದರೆ ಹಳೆಯವು ಅಲ್ಯೂಮಿನಿಯಂ ರಿಮ್ ಬಿಟ್ಟು ಬರುತ್ತಿಲ್ಲ. ಊರಿನ ಪಂಕ್ಚರ್ ಅಂಗಡಿಯಲ್ಲಿ ಒಂದು ಗಂಟೆ ಸುತ್ತಿಗೆಯಿಂದ ಹೊಡೆದರು. ರಿಮ್ಮಿನ ಅಂಚಿಗೆ ಪೆಟ್ಟು ಬಿತ್ತೇ ಹೊರತು ಟೈರು ಅಲುಗಲಿಲ್ಲ. ಕೊನೆಗೆ ‘ಕೊಯ್ದೇ ತೆಗೀಬೇಕು’ ಅಂದರು. ಡೀಸೆಲ್ ಸುರಿಯಿರಿ ಎಂದು ಒಬ್ಬರು, ಟ್ರ್ಯಾಕ್ಟರ್ ಹತ್ತಿಸಿ ಎಂದು ಇನ್ನೊಬ್ಬರು, ಗಾಳಿ ಜಾಸ್ತಿ ತುಂಬಿದರೆ ತಾನೇ ಬಿಡುತ್ತದೆ ಎಂದು ಮತ್ತೊಬ್ಬರು. ನಮ್ಮಲ್ಲಿ ಟ್ರ್ಯಾಕ್ಟರ್, ಬಾಟಲ್ ಜಾಕಿ, ಸಣ್ಣ ಕಂಪ್ರೆಸರ್ ಇವೆ. ರಿಮ್ ಕೆಡದ ಹಾಗೆ ಮನೆಯಲ್ಲೇ ತೆಗೆಯಬಹುದೇ? ಪೆಟ್ಟು ಬಿದ್ದ ರಿಮ್ ಮತ್ತೆ ಬಳಸಬಹುದೇ? ಟ್ಯೂಬ್ ಹಾಕಿಬಿಟ್ಟರೆ ಹೇಗೆ?

ಉತ್ತರ: ತೆಗೆಯಬಹುದು. ನಿಮ್ಮಲ್ಲಿರುವ ಸಾಮಾನೇ ಸಾಕು, ಜೊತೆಗೆ ಮೂರು ಒಳ್ಳೆಯ ಟೈರ್ ಲಿವರ್, ಎಂಟು ಅಡಿಯ ಒಂದು ಗಟ್ಟಿ ಹಲಗೆ, ಪಾತ್ರೆ ತೊಳೆಯುವ ದ್ರವ ಬೇಕು. ಒಂದೆರಡು ರಾತ್ರಿ ಕಾಯುವ ತಾಳ್ಮೆಯೂ ಬೇಕು. ಕೊಯ್ಯುವ ಪ್ರಮೇಯ ಬರುವುದು ಅಪರೂಪ, ಬಂದರೂ ಅದಕ್ಕೊಂದು ಕ್ರಮವಿದೆ.

ಟೈರ್ ತೆಗೆಯುವುದು ಒಂದು ಕೆಲಸವಲ್ಲ, ಎರಡು. ಟೈರಿನ ಒಳಅಂಚಿನ ಬಳೆ, ಅಂದರೆ ಬೀಡ್, ರಿಮ್ಮಿಗೆ ಕಚ್ಚಿಕೊಂಡಿರುತ್ತದೆ. ಅದನ್ನು ಒಳಕ್ಕೆ ತಳ್ಳಿ ಬಿಡಿಸುವುದು ಮೊದಲನೆಯದು. ಬಿಟ್ಟ ಬೀಡನ್ನು ರಿಮ್ಮಿನ ಅಂಚು ದಾಟಿಸಿ ಹೊರತರುವುದು ಎರಡನೆಯದು. ಮೊದಲನೆಯದಕ್ಕೆ ಒತ್ತಡ ಬೇಕು. ಎರಡನೆಯದಕ್ಕೆ ಒತ್ತಡ ಬೇಡವೇ ಬೇಡ, ಬೀಡ್ ಸರಿಯಾದ ಜಾಗದಲ್ಲಿ ಕೂತರೆ ಸಾಕು. ರಿಮ್ ಹಾಳಾಗುವುದು ಸಾಮಾನ್ಯವಾಗಿ ಇವೆರಡನ್ನೂ ಒಂದೇ ಎಂದುಕೊಂಡು, ಎರಡಕ್ಕೂ ಹಾರೆ ಸುತ್ತಿಗೆ ಹಿಡಿದಾಗ.

ಹಳೆಯ ಗೇರ್ ಸ್ಕೂಟರಿನ ಚಕ್ರ ಬಿಚ್ಚಿ ಅಭ್ಯಾಸವಿದ್ದವರಿಗೆ ಇದು ಇನ್ನೂ ಗೊಂದಲ. ಅಲ್ಲಿ ರಿಮ್ಮೇ ಎರಡು ಹೋಳು, ಗಾಳಿ ತೆಗೆದು ನಟ್ ಬಿಚ್ಚಿದರೆ ಟೈರು ಕೈಗೆ ಬರುತ್ತದೆ. ಎಟಿವಿಯ ರಿಮ್ ಸಾಮಾನ್ಯವಾಗಿ ಒಂದೇ ತುಂಡು. ಸ್ಪೋರ್ಟ್ಸ್ ಮಾದರಿಯ ಕೆಲವು ಚಕ್ರಗಳಲ್ಲಿ ಮಾತ್ರ ಹೊರಅಂಚಿಗೆ ಸುತ್ತಲೂ ಬೋಲ್ಟ್ ಹಾಕಿದ ಬಳೆ ಇರುತ್ತದೆ. ನಿಮ್ಮದು ಅಂಥದ್ದಾದರೆ ಗಾಳಿ ಪೂರ್ತಿ ಹೋಗುವ ತನಕ ಒಂದು ಬೋಲ್ಟನ್ನೂ ಮುಟ್ಟಬೇಡಿ.

ಎಟಿವಿ ಟೈರು ಇಷ್ಟು ಬಿಗಿಯಾಗಿ ಕಚ್ಚಲು ಕಾರಣ ಅದರ ಕಡಿಮೆ ಗಾಳಿ. ಕಾರಿನ ಟೈರಿನಲ್ಲಿ 30ರ ಆಸುಪಾಸು ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡವಿದ್ದು, ಗಾಳಿಯೇ ಬೀಡನ್ನು ರಿಮ್ಮಿಗೆ ಅದುಮಿ ಹಿಡಿಯುತ್ತದೆ. ತೋಟದ ಎಟಿವಿಗಳು ಓಡುವುದು ಬಹುಪಾಲು 5ರಿಂದ 7 ಪಿಎಸ್‌ಐನಲ್ಲಿ. ಕೆಸರಿನಲ್ಲಿ ಹಿಡಿತ ಸಿಗಲು, ಕಲ್ಲಿನ ಮೇಲೆ ಮೆತ್ತಗೆ ಹೋಗಲು ಅಷ್ಟು ಕಡಿಮೆ ಬೇಕು. ಆದರೆ ಅಷ್ಟು ಗಾಳಿಯಲ್ಲಿ ತಿರುವಿನ ಅಡ್ಡ ಎಳೆತಕ್ಕೆ ಟೈರು ಕಳಚಿ ಬೀಳಬಾರದಲ್ಲ? ಅದಕ್ಕೇ ಬೀಡನ್ನು ರಿಮ್ಮಿಗಿಂತ ತುಸು ಬಿಗಿಯಾಗಿ ಮಾಡಿರುತ್ತಾರೆ, ಬೀಡ್ ಕೂರುವ ಪಟ್ಟಿಯ ಒಳಬದಿಗೆ ರಿಮ್ಮಿನ ಸುತ್ತ ಒಂದು ಸಣ್ಣ ಉಬ್ಬನ್ನೂ ಕೊಟ್ಟಿರುತ್ತಾರೆ. ಬೀಡ್ ಹೊರಬರಬೇಕಾದರೆ ಮೊದಲು ಒಳಕ್ಕೆ ಸರಿದು ಆ ಉಬ್ಬನ್ನು ಹತ್ತಿ ಇಳಿಯಬೇಕು. ಅಂದರೆ ಹೊಸ ಚಕ್ರದಲ್ಲೂ ಇದು ಸುಲಭದ ಕೆಲಸವಲ್ಲ. ನಿಮ್ಮ ಪಂಕ್ಚರ್ ಅಂಗಡಿಯವರಿಗೆ ಕೆಲಸ ಬರುವುದಿಲ್ಲ ಎಂದಲ್ಲ, ಲಾರಿ ಬೈಕಿನ ಅಭ್ಯಾಸ ಇಲ್ಲಿ ಪೂರ್ತಿ ನಡೆಯುವುದಿಲ್ಲ.

ಅದರ ಮೇಲೆ ಮಲೆನಾಡಿನ ಕೊಡುಗೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯಿದೆ. ಕೆಂಪು ತುಕ್ಕು ಬರುವುದಿಲ್ಲ ನಿಜ, ಆದರೆ ಬಿಳಿ ಹಿಟ್ಟಿನಂಥ ಆಕ್ಸೈಡ್ ಬರುತ್ತದೆ. ಲೋಹಕ್ಕಿಂತ ಅದಕ್ಕೆ ಹೆಚ್ಚು ಜಾಗ ಬೇಕು. ಬೀಡಿಗೂ ರಿಮ್ಮಿಗೂ ನಡುವೆ ಅದು ಊದಿಕೊಂಡಾಗ ಬೆಣೆ ಹೊಡೆದ ಹಾಗೆ ಬಿಗಿಯಾಗುತ್ತದೆ, ಒರಟಾದ ಮೈಗೆ ರಬ್ಬರು ಕಚ್ಚಿಕೊಳ್ಳುತ್ತದೆ. ನಿಮ್ಮ ಎಟಿವಿಯಲ್ಲಿ ಔಷಧಿ ಡ್ರಮ್ಮು ಸಾಗುತ್ತದೆ ಎಂದಿದ್ದೀರಿ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಮಾಡುವವರೆಲ್ಲ ಹದ ನೋಡಲು ಕಬ್ಬಿಣದ ಚಾಕು ಅದ್ದುತ್ತಾರೆ. ಸುಣ್ಣ ಕಡಿಮೆಯಾಗಿದ್ದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಮೈಲುತುತ್ತದ ನೀರು ಚೆಲ್ಲಿ ಚಕ್ರಕ್ಕೆ ಬಿದ್ದಾಗ ರಿಮ್ಮಿನಲ್ಲೂ ಅದೇ ನಡೆಯುತ್ತದೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಕಣ ಕೂತು, ತೇವ ಸೇರಿದರೆ ಅಲ್ಲಲ್ಲೇ ಗುಳಿ ಕೊರೆಯುತ್ತದೆ. ರಾಸಾಯನಿಕ ಗೊಬ್ಬರದ ಉಪ್ಪುನೀರೂ ಒಳ್ಳೆಯದಲ್ಲ. ಕೆಸರು ಬೀಡಿನ ಸಂದಿಯಲ್ಲಿ ಒಣಗಿ ಕೂತು, ಈ ತೇವವನ್ನೆಲ್ಲ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿಯಾದ್ದರಿಂದ ಇನ್ನೊಂದು ಸಾಧ್ಯತೆ ಇದೆ. ಹಿಂದಿನ ಮಾಲೀಕರು ಪಂಕ್ಚರ್ ತಡೆಯುವ ಜೆಲ್ ತುಂಬಿಸಿರಬಹುದು, ಅಥವಾ ಗಾಳಿ ಸೋರುತ್ತದೆಂದು ಬೀಡಿಗೆ ಕಪ್ಪು ರಬ್ಬರ್ ಅಂಟು ಬಳಿಸಿರಬಹುದು. ವಾಲ್ವ್ ಪಿನ್ ಬಿಚ್ಚಿದಾಗ ಹಸಿರು ಅಥವಾ ಬಿಳಿಯ ಲೋಳೆ ಬಂದರೆ ಜೆಲ್ ಇದೆ ಎಂದರ್ಥ. ಇಂಥ ಕೆಲವು ಜೆಲ್‌ಗಳಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ಸಿಹಿ, ಹಾಗೆಯೇ ವಿಷ. ತೋಟದ ನಾಯಿ, ದನ ನೆಕ್ಕದಂತೆ ಬಟ್ಟೆಯಲ್ಲಿ ಒರೆಸಿ ತೆಗೆದು ದೂರ ಹಾಕಿ.

ಇನ್ನು ನಿಮಗೆ ಬಂದ ಸಲಹೆಗಳು.

ಗಾಳಿ ಜಾಸ್ತಿ ತುಂಬುವುದು: ಇದು ಪೂರ್ತಿ ಉಲ್ಟಾ, ಅಪಾಯವೂ ಹೌದು. ಗಾಳಿ ಬೀಡನ್ನು ಹೊರಅಂಚಿನ ಕಡೆಗೆ ಒತ್ತುತ್ತದೆ, ನಿಮಗೆ ಅದು ಒಳಕ್ಕೆ ಸರಿಯಬೇಕು. ತುಂಬಿದಷ್ಟೂ ಬಿಗಿಯಾಗುತ್ತದೆ. 12 ಇಂಚು ವ್ಯಾಸದ ವೃತ್ತದ ಮೇಲೆ 30 ಪಿಎಸ್‌ಐ ಎಂದರೆ ಸುಮಾರು ಒಂದೂವರೆ ಟನ್ ಬಲ. ಬಿರುಕು ಬಿಟ್ಟ ಟೈರಿನಲ್ಲಿ ಅದು ಯಾವ ಕಡೆ ಹಾರುತ್ತದೆಂದು ಹೇಳಲಾಗದು. ದಯವಿಟ್ಟು ಮಾಡಬೇಡಿ.

ಡೀಸೆಲ್, ಸೀಮೆಎಣ್ಣೆ, ಹಳೆ ಎಂಜಿನ್ ಆಯಿಲ್: ಜಾರಿಕೆ ಕೊಡುತ್ತವೆ ನಿಜ. ಆದರೆ ಪೆಟ್ರೋಲಿಯಂ ಎಣ್ಣೆ ಹೀರಿದ ರಬ್ಬರು ಊದಿ ಮೆತ್ತಗಾಗುತ್ತದೆ. ಟೈರನ್ನು ಮತ್ತೆ ಬಳಸುವುದಿದ್ದರೆ ಅದನ್ನು ಹತ್ತಿರ ತರಬಾರದು. ನಿಮ್ಮ ಹಳೆಯ ಟೈರು ಹೇಗೂ ಗುಜರಿಗೆ ಹೋಗುವುದರಿಂದ ತುಕ್ಕು ಬಿಡಿಸುವ ಸ್ಪ್ರೇ ಸ್ವಲ್ಪ ಬಳಸಿದರೆ ತೊಂದರೆಯಿಲ್ಲ. ಆದರೆ ಆ ಎಣ್ಣೆ ರಿಮ್ಮಿನಲ್ಲಿ ಉಳಿದರೆ ಹೊಸ ಟೈರು ಕೆಡುತ್ತದೆ, ಬ್ರೇಕ್ ಹಿಡಿದಾಗ ರಿಮ್ ನಿಂತು ಟೈರು ಅದರ ಮೇಲೆ ಜಾರುವುದೂ ಉಂಟು. ಬಳಸಿದರೆ ರಿಮ್ಮನ್ನು ಸೋಪು ಹಾಕಿ ಎರಡು ಸಲ ತೊಳೆಯಿರಿ. ಸೋಪಿನ ನೀರು ಇದೇ ಕೆಲಸವನ್ನು ಯಾವ ಹಾನಿಯೂ ಇಲ್ಲದೆ ಮಾಡುತ್ತದೆ.

ಟ್ರ್ಯಾಕ್ಟರ್ ಹತ್ತಿಸುವುದು: ಭಾರ ಬೇಕಾಗಿರುವುದು ಸೈಡ್‌ವಾಲಿನ, ಅಂದರೆ ಟೈರಿನ ಪಕ್ಕದ ಗೋಡೆಯ ಮೇಲೆ, ರಿಮ್ಮಿನ ಮೇಲಲ್ಲ. ಟ್ರ್ಯಾಕ್ಟರ್ ಟೈರಿನ ಅಗಲಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸ್ವಲ್ಪ ಜಾರಿದರೆ ಅಲ್ಯೂಮಿನಿಯಂ ಅಂಚು ಸೀಳುತ್ತದೆ, ಅಥವಾ ಚಕ್ರ ಮೇಲೆದ್ದು ಪಕ್ಕದಲ್ಲಿ ನಿಂತವರ ಕಾಲಿಗೆ ಬಡಿಯುತ್ತದೆ. ಟ್ರ್ಯಾಕ್ಟರ್ ನಿಂತಲ್ಲೇ ನಿಂತು ಸಹಾಯ ಮಾಡುವ ವಿಧಾನವನ್ನು ಮುಂದೆ ಹೇಳುತ್ತೇನೆ.

ಸುತ್ತಿಗೆ: ರಬ್ಬರು ಹೊಡೆತವನ್ನು ನುಂಗುತ್ತದೆ, ರಿಮ್ ನುಂಗುವುದಿಲ್ಲ. ನಿಧಾನವಾಗಿ ಬಿಡದೆ ಒತ್ತುವ ಭಾರಕ್ಕೆ ಬೀಡ್ ಸರಿಯುತ್ತದೆ, ಕ್ಷಣದ ಪೆಟ್ಟಿಗೆ ಮತ್ತೆ ಹಿಂದಕ್ಕೆ ಪುಟಿಯುತ್ತದೆ. ಒಂದು ಗಂಟೆ ಹೊಡೆದರೂ ಅಲುಗದಿದ್ದುದು ಇದಕ್ಕೇ.

ನೀವು ಕೇಳದಿದ್ದರೂ ಹೇಳಲೇಬೇಕಾದ್ದು ಬೆಂಕಿಯ ವಿಷಯ. ರಿಮ್ ಕಾಯಿಸಲು ಬ್ಲೋ ಟಾರ್ಚ್ ಹಿಡಿಯುವುದು, ಟೈರು ಇರುವಾಗಲೇ ರಿಮ್ಮಿಗೆ ವೆಲ್ಡಿಂಗ್ ಮಾಡಿಸುವುದು, ಹೊಸ ಟೈರು ಕೂರಿಸಲು ಪೆಟ್ರೋಲ್ ಚಿಮುಕಿಸಿ ಕಡ್ಡಿ ಗೀರುವುದು, ಮೂರೂ ಜೀವ ತೆಗೆಯುವ ಕೆಲಸಗಳು. ಕಾದ ರಬ್ಬರಿನಿಂದ ಉರಿಯುವ ಅನಿಲ ಬಿಡುಗಡೆಯಾಗಿ ಟೈರು ಬಾಂಬಿನಂತೆ ಸಿಡಿಯುತ್ತದೆ. ಶಾಖ ಬೇಕಿದ್ದರೆ ಬಿಸಿಲು ಸಾಕು.

ಈಗ ಕೆಲಸಕ್ಕೆ ಬರೋಣ. ಎಟಿವಿಯನ್ನು ಸಮತಟ್ಟು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ವೀಲ್ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕಿ ಏರಿಸಿ. ಜಾಕಿಯೊಂದನ್ನೇ ನಂಬದೆ ಚಾಸಿ ಕೆಳಗೆ ಮರದ ದಿಮ್ಮಿ ಇಡಿ. ಚಕ್ರ ಕಳಚುವ ಮೊದಲು ಟೈರಿನ ಪಕ್ಕದಲ್ಲಿ ಬಾಣದ ಗುರುತು ಇದೆಯೇ ನೋಡಿ, ಯಾವ ಬದಿ ಹೊರಕ್ಕಿತ್ತು, ಎಡದ್ದೋ ಬಲದ್ದೋ ಎಂದು ಸೀಮೆಸುಣ್ಣದಲ್ಲಿ ರಿಮ್ ಮೇಲೆ ಬರೆದಿಡಿ. ಹಲ್ಲಿನ ದಿಕ್ಕು ತಿರುಗಿದರೆ ಕೆಸರಿನಲ್ಲಿ ಟೈರು ತನ್ನನ್ನು ತಾನು ಸ್ವಚ್ಛ ಮಾಡಿಕೊಳ್ಳುವುದಿಲ್ಲ.

ವಾಲ್ವ್ ಪಿನ್ನನ್ನು ಪೂರ್ತಿ ಬಿಚ್ಚಿ ತೆಗೆಯಿರಿ. ಒತ್ತಿ ಗಾಳಿ ಬಿಟ್ಟರೆ ಸಾಲದು. ಸೈಡ್‌ವಾಲು ಅದುಮಿದಾಗ ಒಳಗಿನ ಗಾಳಿಗೆ ಹೊರಹೋಗಲು ದಾರಿ ಬೇಕು. ಬೀಡಿನ ಸುತ್ತಲಿನ ಕೆಸರನ್ನು ಗಟ್ಟಿ ನೈಲಾನ್ ಬ್ರಷ್ಷಿನಲ್ಲಿ ನೀರು ಹಾಕಿ ಉಜ್ಜಿ ತೆಗೆಯಿರಿ. ಆಮೇಲೆ ಬಿಸಿಲಿನಲ್ಲಿ ಎರಡು ಗಂಟೆ ಮಲಗಿಸಿಡಿ, ಒಂದು ಗಂಟೆಗೊಮ್ಮೆ ಮಗುಚಿ. ಮಳೆಗಾಲವಾದರೆ ಕೈ ತಾಳದಷ್ಟು ಬಿಸಿಯಾದ ನೀರಲ್ಲಿ ಗೋಣಿಚೀಲ ಅದ್ದಿ ಬೀಡಿನ ಸುತ್ತ ಹೊದಿಸಿದರೂ ಆದೀತು. ಚಳಿಯ ಬೆಳಗ್ಗೆ ಮರದಂತೆ ಇರುವ ರಬ್ಬರು ಮಧ್ಯಾಹ್ನ ಬೇರೆಯದೇ ವಸ್ತು.

ಒಂದು ಲೀಟರ್ ನೀರಿಗೆ 200 ಮಿಲಿ ಪಾತ್ರೆ ತೊಳೆಯುವ ದ್ರವ ಹಾಕಿ ಗಟ್ಟಿ ಸೋಪುನೀರು ಮಾಡಿಕೊಳ್ಳಿ. ಬಟ್ಟೆ ಒಗೆಯುವ ಪುಡಿ ಬೇಡ, ಅದರಲ್ಲಿರುವ ವಾಷಿಂಗ್ ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ. ಚಕ್ರವನ್ನು ಮಲಗಿಸಿ, ಸೈಡ್‌ವಾಲನ್ನು ಕಾಲಿನಿಂದ ಅದುಮಿ, ರಿಮ್ಮಿಗೂ ರಬ್ಬರಿಗೂ ನಡುವೆ ಬಾಯಿ ಬಿಡುವ ಸಂದಿಗೆ ಈ ನೀರು ಸುರಿಯಿರಿ. ಸುತ್ತಲೂ ಒಂದು ಕಾಲುವೆಯಂತೆ ನಿಲ್ಲಬೇಕು. ರಾತ್ರಿಯಿಡೀ ಹಾಗೇ ಬಿಡಿ, ಮಾರನೆಯ ದಿನ ಇನ್ನೊಂದು ಬದಿಗೆ. ಸಾಮಾನ್ಯವಾಗಿ ಜನ ಬಿಟ್ಟುಬಿಡುವ ಹಂತ ಇದು, ಆದರೆ ಆಕ್ಸೈಡ್ ಹಿಡಿದ ರಿಮ್ಮಿನಲ್ಲಿ ಅರ್ಧ ಕೆಲಸ ಮಾಡುವುದು ಇದೇ.

ಬೀಡ್ ಬಿಡಿಸಲು ನಿಮಗೆ ನಾನು ಹೇಳುವುದು ಹಲಗೆಯ ಸನ್ನೆ. ಏತದ ಲೆಕ್ಕವೇ ಇಲ್ಲೂ. ಟ್ರ್ಯಾಕ್ಟರನ್ನು ಎಂಜಿನ್ ಆರಿಸಿ, ಗೇರಿನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಹಿಂದಿನ ಡ್ರಾಬಾರ್ (ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಪಟ್ಟಿ) ಕೆಳಗೆ ಹಲಗೆಯ ಒಂದು ತುದಿ ಸಿಕ್ಕಿಸಿ. ಡ್ರಾಬಾರ್ ಪಕ್ಕದಲ್ಲಿ ಚಕ್ರವನ್ನು ಮಲಗಿಸಿ, ಕೆಳಗೆ ಹಳೆಯ ಗೋಣಿ ಹಾಸಿ. ಸುಮಾರು ಒಂದು ಅಡಿ ಉದ್ದದ, ತುದಿಯನ್ನು ಸ್ವಲ್ಪ ಉಳಿಯಂತೆ ಕೆತ್ತಿದ ಮರದ ತುಂಡೊಂದನ್ನು ಸೈಡ್‌ವಾಲಿನ ಮೇಲೆ, ರಿಮ್ಮಿನ ಅಂಚಿಗೆ ಒಂದು ಬೆರಳು ದೂರದಲ್ಲಿ ನೇರವಾಗಿ ನಿಲ್ಲಿಸಿ, ಅದರ ಮೇಲೆ ಹಲಗೆ ಬರುವಂತೆ ಮಾಡಿ. ಡ್ರಾಬಾರಿನಿಂದ ಒಂದೂವರೆ ಅಡಿ ದೂರದಲ್ಲಿ ತುಂಡು, ಏಳೂವರೆ ಅಡಿ ದೂರದಲ್ಲಿ ನೀವು: ಬಲ ಐದು ಪಟ್ಟು. 70 ಕಿಲೋ ತೂಕದವರು ಹಲಗೆಯ ತುದಿಯ ಮೇಲೆ ಮೈಭಾರ ಹಾಕಿದರೆ ಬೀಡಿನ ಹತ್ತಿರ 350 ಕಿಲೋ ಒತ್ತುತ್ತದೆ. ಒತ್ತಿ ಹಾಗೇ ಅರ್ಧ ನಿಮಿಷ ಹಿಡಿಯಿರಿ. ಇನ್ನೊಬ್ಬರು ಸಂದಿಗೆ ಸೋಪುನೀರು ಹಾಕುತ್ತಿರಲಿ, ಕೈಬೆರಳು ಮಾತ್ರ ಒಳಗೆ ಹೋಗಕೂಡದು. ಒಂದೇ ಜಾಗದಲ್ಲಿ ಹಟ ಹಿಡಿಯಬೇಡಿ. ಒಂದು ಗೇಣು ಸರಿಸಿ ಮತ್ತೆ ಒತ್ತಿ, ಹೀಗೆ ಸುತ್ತು ಹಾಕಿ. ಎರಡನೆಯ ಅಥವಾ ಮೂರನೆಯ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ‘ಪಟ್’ ಎಂದು ಬಿಡುತ್ತದೆ. ಅಲ್ಲಿಂದ ಎರಡೂ ಪಕ್ಕಕ್ಕೆ ಹೋಗುತ್ತಾ ಬಂದರೆ ಉಳಿದದ್ದು ಸುಲಭ. ಬಳಿಕ ಮಗುಚಿ ಇನ್ನೊಂದು ಬದಿ.

ಹಲಗೆಗೆ ಜಗ್ಗದಿದ್ದರೆ ಬಾಟಲ್ ಜಾಕಿ. ಭಾರದ ಗಾಡಿಯೊಂದರ ಗಟ್ಟಿ ಚಾಸಿ ಕೆಳಗೆ ಚಕ್ರ ಮಲಗಿಸಿ, ಸೈಡ್‌ವಾಲಿನ ಮೇಲೆ ಮರದ ತುಂಡು, ಅದರ ಮೇಲೆ ಜಾಕಿ, ಜಾಕಿಯ ತಲೆ ಚಾಸಿಗೆ. ನಿಧಾನವಾಗಿ ಪಂಪ್ ಮಾಡುತ್ತಾ ಪ್ರತಿ ಐದಾರು ಒತ್ತಿಗೆ ನಿಲ್ಲಿಸಿ ಕಾಯಿರಿ. ಇಲ್ಲಿ ಅಪಾಯ ನಿಜವಾದದ್ದು: ಜಾಕಿ ಮೆತ್ತನೆ ರಬ್ಬರಿನ ಮೇಲೆ ನಿಂತಿದೆ, ಬೀಡ್ ಬಿಟ್ಟ ಕ್ಷಣ ಓರೆಯಾಗಿ ಹಾರಬಹುದು. ಪಕ್ಕಕ್ಕೆ ನಿಂತು ಪಂಪ್ ಮಾಡಿ, ಗಾಡಿಯ ಕೆಳಗೆ ತಲೆ ಕೈ ಹಾಕಬೇಡಿ, ಗಾಡಿಯ ಚಕ್ರ ನೆಲ ಬಿಡುವಷ್ಟು ಎತ್ತಿದರೆ ಅಲ್ಲಿಗೇ ನಿಲ್ಲಿಸಿ. 10ರಿಂದ 12 ಇಂಚು ಬಾಯಿ ತೆರೆಯುವ ಎರಡು ಮೂರು ಸಿ-ಕ್ಲ್ಯಾಂಪ್ (ತಿರುಪಿನಿಂದ ಬಿಗಿಯುವ C ಆಕಾರದ ಹಿಡಿ) ಸಿಕ್ಕಿದರೆ ಅದು ಇದಕ್ಕಿಂತ ನೆಮ್ಮದಿಯ ದಾರಿ. ಎರಡೂ ಸೈಡ್‌ವಾಲುಗಳನ್ನು ಒಟ್ಟಿಗೆ ಹಿಂಡಿ, ಒಂದೊಂದು ಗೇಣಿಗೆ ಒಂದೊಂದು ಹಾಕಿ, ಬಿಗಿ ಮಾಡಿ ಹಾಗೇ ರಾತ್ರಿಯಿಡೀ ಬಿಟ್ಟರೂ ಯಾರಿಗೂ ಅಪಾಯವಿಲ್ಲ. ಆರು ಪ್ಲೈನ (ಪದರದ) ದಪ್ಪ ಸೈಡ್‌ವಾಲಿನ ಟೈರುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಎರಡೂ ಬೀಡ್ ಬಿಟ್ಟ ಮೇಲೆ ಎರಡನೆಯ ಕೆಲಸ. ಬೀಡಿನೊಳಗೆ ಉಕ್ಕಿನ ತಂತಿಗಳ ಸುರುಳಿ ಇದೆ. ಅದು ಹಿಗ್ಗುವುದಿಲ್ಲ, ಎಷ್ಟೇ ಎಳೆದರೂ. ರಿಮ್ಮಿನ ಅಂಚು ಬೀಡಿಗಿಂತ ದೊಡ್ಡದು. ಹಾಗಾದರೆ ಅದು ದಾಟುವುದು ಹೇಗೆ? ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇದೆ. ಬೀಡಿನ ಒಂದು ಬದಿ ಆ ತಗ್ಗಿಗೆ ಇಳಿದರೆ ಎದುರು ಬದಿಯಲ್ಲಿ ಅಷ್ಟೇ ಸಡಿಲ ಸಿಗುತ್ತದೆ, ಆ ಸಡಿಲದಲ್ಲೇ ಅದು ಅಂಚು ದಾಟುತ್ತದೆ. ಲಿವರಿಗೆ ನೇತುಬೀಳಬೇಕಾಗಿ ಬಂದರೆ ಎದುರು ಬದಿ ತಗ್ಗಿನಲ್ಲಿಲ್ಲ ಎಂದೇ ಅರ್ಥ. ಬಲ ಹೆಚ್ಚಿಸಬೇಡಿ, ನಿಲ್ಲಿಸಿ ಎದುರು ಬದಿ ನೋಡಿ.

ಈ ತಗ್ಗು ಹೆಚ್ಚಿನ ರಿಮ್‌ಗಳಲ್ಲಿ ನಟ್ಟನಡುವೆ ಇರದೆ ಒಂದು ಅಂಚಿಗೆ ಹತ್ತಿರವಿರುತ್ತದೆ. ಸೈಡ್‌ವಾಲು ಅದುಮಿ ಇಣುಕಿದರೆ ಕಾಣುತ್ತದೆ. ಯಾವ ಬದಿಗೆ ಹತ್ತಿರವೋ ಆ ಬದಿಯನ್ನು ಮೇಲೆ ಮಾಡಿ ಮಲಗಿಸಿ, ಎರಡೂ ಬೀಡ್‌ಗಳು ಆ ಬದಿಯಿಂದಲೇ ಹೊರಬರಬೇಕು. ತಪ್ಪು ಬದಿಯಿಂದ ಪ್ರಯತ್ನಿಸಿದರೆ ಬೆವರು ಹರಿದೀತೇ ಹೊರತು ಟೈರು ಬಾರದು.

ಅಂಚಿಗೆ ಧಾರಾಳವಾಗಿ ಸೋಪುನೀರು ಬಳಿಯಿರಿ. ಒಂದು ಬದಿಯಲ್ಲಿ ಮೊಣಕಾಲೂರಿ ಬೀಡನ್ನು ತಗ್ಗಿಗೆ ತಳ್ಳಿ ಹಿಡಿಯಿರಿ. ಎದುರು ಬದಿಯಲ್ಲಿ ಮೊದಲ ಲಿವರ್ ಹಾಕಿ ಮೇಲೆತ್ತಿ. ಲಿವರುಗಳು 40 ಸೆಂಟಿಮೀಟರಿನಷ್ಟು ಉದ್ದ, ತುದಿ ಉರುಟಾಗಿ ನುಣ್ಣಗಿರಬೇಕು. ಸ್ಕ್ರೂಡ್ರೈವರ್, ಹಾರೆ ಬೇಡ. ರಿಮ್ ಗೀಚದಿರಲು ಹಳೆ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿಕೊಳ್ಳಿ. ಎರಡನೆಯ ಲಿವರ್ ಮೊದಲನೆಯದರಿಂದ ಎರಡು ಇಂಚು ಮಾತ್ರ ದೂರದಲ್ಲಿರಲಿ, ಮೂರನೆಯದು ಮತ್ತೆ ಎರಡು ಇಂಚು. ಆಗ ನಡುವಿನದು ತಾನಾಗಿ ಸಡಿಲವಾಗುತ್ತದೆ, ಅದನ್ನು ತೆಗೆದು ಮುಂದಕ್ಕೆ ಹಾಕಿ. ಅವಸರಕ್ಕೆ ಆರು ಇಂಚು ಹಾರಿದರೆ ಅಂಚು ಬಾಗುತ್ತದೆ. ಮೂರನೇ ಒಂದು ಭಾಗ ಹೊರಬಂದರೆ ಮಿಕ್ಕಿದ್ದು ಕೈಯಲ್ಲೇ ಬರುತ್ತದೆ. ಕೆಳಗಿನ ಬೀಡಿಗೆ ಚಕ್ರವನ್ನು ನಿಲ್ಲಿಸಿ, ಕೆಳಭಾಗವನ್ನು ತಗ್ಗಿಗೆ ಸೇರಿಸಿ, ಮೇಲ್ಭಾಗದಲ್ಲಿ ಅದೇ ಅಂಚಿನಿಂದ ಲಿವರ್ ಹಾಕಿ ಮೀಟಿ ಟೈರನ್ನು ಹಿಂದಕ್ಕೆ ತಳ್ಳಿ.

ಮೂರು ದಿನ ನೆನೆಸಿ, ಕ್ಲ್ಯಾಂಪ್ ಹಾಕಿ, ಏನೂ ಆಗಲಿಲ್ಲವೆಂದರೆ ಆಗ ಕೊಯ್ಯಿರಿ. ಅಂಗಡಿಯವರು ಹೇಳಿದಂತೆ ನೇರವಾಗಿ ರಿಮ್ಮಿನ ಹತ್ತಿರ ಗ್ರೈಂಡರ್ ಇಡುವುದಲ್ಲ. ಮೊದಲು ಹರಿತವಾದ ಚಾಕುವಿಗೆ ಸೋಪುನೀರು ಹಚ್ಚಿಕೊಂಡು, ರಿಮ್ಮಿನಿಂದ ಎರಡು ಬೆರಳು ಬಿಟ್ಟು ಸೈಡ್‌ವಾಲನ್ನು ಸುತ್ತಲೂ ಕೊಯ್ಯಿರಿ, ಬ್ಲೇಡು ಮೈಯಿಂದ ಆಚೆ ಹೋಗುವಂತೆ. ಎರಡೂ ಬದಿ ಕೊಯ್ದರೆ ನಡುವಿನ ಹಲ್ಲಿನ ಪಟ್ಟಿ ಬಿದ್ದುಹೋಗಿ, ರಿಮ್ಮಿನಲ್ಲಿ ಎರಡು ತೆಳು ಬಳೆ ಉಳಿಯುತ್ತವೆ. ಸೈಡ್‌ವಾಲಿನ ಬಿಗುವು ಹೋದ ಮೇಲೆ ಅವು ಒಳಗಿನಿಂದ ತಳ್ಳಿದರೆ ಬಿಡುವುದೇ ಹೆಚ್ಚು. ಬಿಡದಿದ್ದರೆ ಬಳೆಯ ರಬ್ಬರನ್ನು ಒಂದು ಕಡೆ ಕೆತ್ತಿ, ಕಾಣುವ ತಂತಿಯನ್ನು ಬೋಲ್ಟ್ ಕಟರ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ. ತಂತಿ ಚಿಮ್ಮುತ್ತದೆ, ಕನ್ನಡಕ ಮತ್ತು ದಪ್ಪ ಕೈಗವಸು ಇಲ್ಲದೆ ಮಾಡಬೇಡಿ. ಗ್ರೈಂಡರ್ ಕೊನೆಯ ಆಯ್ಕೆ. ಅದರ ಡಿಸ್ಕ್ ಅಲ್ಯೂಮಿನಿಯಂ ಮೇಲೆ ಮಾಡುವ ಒಂದು ಗೀರು ಮುಂದೆ ಗಾಳಿ ಸೋರುವ ದಾರಿ, ಇನ್ನೂ ಆಳವಾದರೆ ಬಿರುಕಿನ ಮೂಲ. ಕಿಡಿಗೆ ರಬ್ಬರ್ ಚೂರು ಹೊತ್ತಿಕೊಳ್ಳುವುದೂ ಉಂಟು, ಒಂದು ಬಕೆಟ್ ನೀರು ಪಕ್ಕದಲ್ಲಿರಲಿ.

ಕೊಯ್ಯುವ ಮೊದಲು ಇನ್ನೊಂದು ದಾರಿ ನೋಡಬಹುದು. ಹಾಸನದಂಥ ಊರಲ್ಲಿ ಟೈರ್ ಬದಲಿಸುವ ಯಂತ್ರವಿರುವ ಅಂಗಡಿಗೆ ಬರೀ ಚಕ್ರ ಒಯ್ಯುವುದು. 12 ಇಂಚಿನ ರಿಮ್ ಅವರಿಗೆ ಹೊಸದಲ್ಲ, ಟಾಟಾ ಏಸ್‌ನದೂ ಹಳೆಯ ಮಾರುತಿ 800ರದೂ ಅದೇ ಅಳತೆ. ಆದರೆ ಯಂತ್ರದ ಉಕ್ಕಿನ ದವಡೆ ರಿಮ್ಮನ್ನು ಹಿಡಿಯುವಲ್ಲಿ ಪ್ಲಾಸ್ಟಿಕ್ ಕವಚ ಇದೆಯೇ ಎಂದು ಕೇಳಿ, ಮೊದಲೇ ಸೋಪುನೀರಲ್ಲಿ ನೆನೆಸಿ ಕೊಂಡೊಯ್ಯಿರಿ.

ಪೆಟ್ಟು ಬಿದ್ದ ರಿಮ್ ಬಗ್ಗೆ ಟೈರು ತೆಗೆದ ಮೇಲೆಯೇ ಹೇಳಲು ಸಾಧ್ಯ. ಜಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ, ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಸುಣ್ಣದಲ್ಲಿ ಕಪ್ಪು ಗೆರೆ ಮೂಡುತ್ತದೆ. ಗೆರೆ ಬಂದರೆ ಆ ರಿಮ್ ಬೇಡ, ವೆಲ್ಡಿಂಗ್ ಮಾಡಿಸಿ ಓಡಿಸುವ ಆಸೆಯೂ ಬೇಡ. ಬಿರುಕಿಲ್ಲದೆ ಅಂಚು ಒಂದೆರಡು ಮಿಲಿಮೀಟರ್ ಬಾಗಿದ್ದರೆ, ಚೂಪಾದ ಏಣನ್ನು ಸಣ್ಣ ಅರದಲ್ಲಿ ನುಣ್ಣಗೆ ಮಾಡಿ ಬಳಸಬಹುದು. ಬಾಗಿದ್ದನ್ನು ಕಾಯಿಸಿ ನೇರ ಮಾಡಿಸಬೇಡಿ, ಶಾಖಕ್ಕೆ ಅಲ್ಯೂಮಿನಿಯಂ ರಿಮ್ಮಿನ ಗಟ್ಟಿತನ ಇಳಿಯುತ್ತದೆ.

ಬೀಡ್ ಕೂರುವ ಪಟ್ಟಿಯ ಮೇಲಿನ ಬಿಳಿ ಆಕ್ಸೈಡನ್ನು ಪಾತ್ರೆ ಉಜ್ಜುವ ಹಸಿರು ನಾರು, ಆಮೇಲೆ 220ರ ಉಪ್ಪುಕಾಗದದಲ್ಲಿ ತೆಗೆಯಿರಿ. ಉಕ್ಕಿನ ತಂತಿಯ ಬ್ರಷ್ ಅಲ್ಯೂಮಿನಿಯಂಗೆ ಬೇಡ, ಉಳಿದ ಉಕ್ಕಿನ ಕಣ ಮತ್ತೆ ಕೊರೆತಕ್ಕೆ ದಾರಿ. ಬೆರಳಾಡಿಸಿದಾಗ ನಯವಾಗಿದ್ದರೆ ಸಾಕು, ಹೊಳೆಯಬೇಕಾಗಿಲ್ಲ. ಉಗುರು ಸಿಕ್ಕಿಕೊಳ್ಳುವಂಥ ಗುಳಿಗಳು ಅಲ್ಲಲ್ಲಿ ಉಳಿದರೆ ಬೀಡ್ ಸೀಲರ್, ಅಂದರೆ ಮೊದಲು ಹೇಳಿದ ಕಪ್ಪು ರಬ್ಬರ್ ಅಂಟು, ತೆಳುವಾಗಿ ಒಂದು ಕೈ ಬಳಿಯಬಹುದು, ಆದರೆ ಮುಂದಿನ ಸಲ ಬಿಡಿಸುವಾಗ ಅದೇ ಕಾಡುತ್ತದೆ ಎಂಬುದು ನೆನಪಿರಲಿ. ರಬ್ಬರ್ ವಾಲ್ವನ್ನು ಉಳಿಸಿಕೊಳ್ಳಬೇಡಿ. ಟೈರು ಬದಲಿಸಿದಾಗಲೆಲ್ಲ ಹೊಸದು ಹಾಕಿ. ಎಟಿವಿಗೆ ಸಾಮಾನ್ಯವಾಗಿ ಬರುವುದು ಗಿಡ್ಡನೆಯ ಟಿಆರ್ 412. ಕಾರಿನ ಟಿಆರ್ 413 ಅದೇ ತೂತಿಗೆ ಕೂರುತ್ತದೆ, ಆದರೆ ಉದ್ದ ಜಾಸ್ತಿಯಾದ್ದರಿಂದ ಕಾಫಿ ಗಿಡದ ರೆಂಬೆಗೆ ತಗಲಿ ಹರಿಯುವ ಸಂಭವ ಹೆಚ್ಚು.

ಟ್ಯೂಬ್ ಹಾಕುವುದು ಕಾಣುವಷ್ಟು ಒಳ್ಳೆಯ ಪರಿಹಾರವಲ್ಲ. 5 ಪಿಎಸ್‌ಐನಲ್ಲಿ, ಕೆಸರಿನ ಎಳೆತದಲ್ಲಿ, ಟೈರು ರಿಮ್ಮಿನ ಮೇಲೆ ಸ್ವಲ್ಪ ಜಾರುತ್ತದೆ. ಟ್ಯೂಬ್‌ಲೆಸ್ ಆಗಿದ್ದರೆ ನಷ್ಟವಿಲ್ಲ, ಟ್ಯೂಬ್ ಇದ್ದರೆ ವಾಲ್ವಿನ ಬುಡವೇ ಹರಿಯುತ್ತದೆ. ರಿಮ್ ತೀರಾ ಗುಳಿ ಬಿದ್ದು ಬೇರೆ ಸಿಗುವ ತನಕ ತಾತ್ಕಾಲಿಕವಾಗಿ ಹಾಕಬಹುದು, ಅದೂ ಟೈರಿನ ಅಳತೆಯದೇ ಟ್ಯೂಬ್ ಸಿಕ್ಕಿದರೆ.

ಹೊಸ ಟೈರು ಏರಿಸುವುದು ಇದೇ ಕ್ರಮದ ತಿರುಗು ಮುರುಗು. ಗಾಳಿ ತುಂಬುವುದು ಮಾತ್ರ ಎಚ್ಚರದ ಕೆಲಸ. ಸಣ್ಣ ಕಂಪ್ರೆಸರಿನಲ್ಲಿ ಬೀಡ್ ಕೂರುವ ಮೊದಲೇ ಗಾಳಿ ಸುತ್ತಲಿಂದ ಸೋರಿಹೋಗುತ್ತದೆ. ವಾಲ್ವ್ ಪಿನ್ ಹಾಕದೆ ತುಂಬಿದರೆ ಗಾಳಿ ವೇಗವಾಗಿ ಒಳಹೋಗುತ್ತದೆ. ಟೈರಿನ ಹಲ್ಲಿನ ನಡುಪಟ್ಟಿಗೆ ಸುತ್ತಲೂ ಲಗೇಜ್ ಬೆಲ್ಟ್ ಕಟ್ಟಿ ಬಿಗಿದರೆ ಸೈಡ್‌ವಾಲುಗಳು ಹೊರಕ್ಕೆ ಉಬ್ಬಿ ರಿಮ್ಮಿಗೆ ತಾಗುತ್ತವೆ. ಬೀಡ್ ಗಾಳಿ ಹಿಡಿದ ಕೂಡಲೇ ಬೆಲ್ಟ್ ಬಿಚ್ಚಿಬಿಡಿ. ಬೀಡ್ ಕೂರಿಸಲು ಗರಿಷ್ಠ ಎಷ್ಟು ತುಂಬಬಹುದೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಅದನ್ನು ಒಂದು ಪಿಎಸ್‌ಐ ಕೂಡ ದಾಟಬೇಡಿ. ತಾನೇ ಕಚ್ಚಿ ನಿಲ್ಲುವ ಕ್ಲಿಪ್ ಮತ್ತು ಉದ್ದ ಹೋಸ್ ಬಳಸಿ, ಟೈರಿನ ಮೇಲೆ ಬಾಗದೆ ದೂರ ನಿಲ್ಲಿ. ಎರಡು ಸಲ ಟಪ್ ಎಂಬ ಸದ್ದು ಬರುತ್ತದೆ, ಬದಿಗೊಂದು. ಅಷ್ಟಕ್ಕೂ ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಸೋಪುನೀರು ಹಚ್ಚಿ ಮೊದಲಿನಿಂದ ಮಾಡಿ. ರಿಮ್ಮಿನ ಪಕ್ಕ ಟೈರಿನಲ್ಲಿ ಒಂದು ಸಣ್ಣ ಗೆರೆ ಸುತ್ತಲೂ ಇರುತ್ತದೆ, ಅದು ಅಂಚಿನಿಂದ ಎಲ್ಲೆಡೆ ಒಂದೇ ದೂರದಲ್ಲಿ ಕಂಡರೆ ಬೀಡ್ ಸರಿಯಾಗಿ ಕೂತಿದೆ.

ಆಮೇಲೆ ಪಿನ್ ಹಾಕಿ, ಗಾಡಿಯ ಸ್ಟಿಕ್ಕರಿನಲ್ಲಿ ಹೇಳಿದ ಒತ್ತಡಕ್ಕೆ ಗಾಳಿ ಹಾಕಿ. ಪೆಟ್ರೋಲ್ ಬಂಕಿನ ಗೇಜಿನಲ್ಲಿ 5 ಮತ್ತು 8ಕ್ಕೆ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, 0ರಿಂದ 15 ತೋರಿಸುವ ಗೇಜು ಬೇರೆ ಸಿಗುತ್ತದೆ, ಕೊಂಡಿಡಿ. ಅಂಚಿಗೂ ವಾಲ್ವಿಗೂ ಸೋಪುನೀರು ಹಚ್ಚಿ ಗುಳ್ಳೆ ನೋಡಿ. ನಟ್‌ಗಳನ್ನು ಎದುರುಬದುರಾಗಿ, ಗಾಡಿಯ ಪುಸ್ತಕದಲ್ಲಿ ಕೊಟ್ಟ ಬಿಗಿತಕ್ಕೆ ಬಿಗಿದು, ತೋಟದಲ್ಲಿ ಒಂದು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಇನ್ನು ಮುಂದೆ ಔಷಧಿ ಹೊಡೆದ ದಿನ ಸಂಜೆ ಡ್ರಮ್ಮು ತೊಳೆಯುವಾಗ, ಅದೇ ಪೈಪಿನಲ್ಲಿ ಚಕ್ರಗಳ ಒಳಬದಿಗೂ ಒಂದು ನಿಮಿಷ ಬರೀ ನೀರು ಬಿಡಿ.